ಹತ್ತು ಮೀಟರಿನ ನಂಟು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1981ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಪಾಲಿಟೆಕ್ನಿಕ್‌ಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾಗಿದ್ದೇನೆ. ಸಂಘಟಕರು ನನ್ನನ್ನು ಕರೆದಾಗ, "ಸರ್, ವಿಜ್ಞಾನದ ಬಗ್ಗೆ ಮಾತಾಡಿ. ಆದರೆ ಡೇರಿಗೆ ಹಾಲು ಹಾಕುವವರಿಗೂ ತಿಳಿಯಬೇಕು, ಹತ್ತನೇ ಕ್ಲಾಸಿನ ಮಕ್ಕಳಿಗೂ ಉಪಯೋಗ ಆಗಬೇಕು" ಎಂದು ಷರತ್ತು ಹಾಕಿದರು. ಹಾಗಾಗಿ ಈ ಶಾಮಿಯಾನದಲ್ಲಿ ಕೂತಿರುವ ಹೆಚ್ಚಿನವರ ಜೇಬಿನಲ್ಲಿ ಈಗಾಗಲೇ ಇರುವ ಒಂದು ವಸ್ತುವಿನ ಬಗ್ಗೆಯೇ ಮಾತಾಡುತ್ತೇನೆ. ಅದು ಮೊಬೈಲಿನೊಳಗೆ ಕೂತಿರುವ ಪುಟ್ಟ ರೇಡಿಯೋ. ಸುಮಾರು ಹತ್ತು ಮೀಟರ್ ದೂರಕ್ಕೆ ಮಾತ್ರ ಮಾತಾಡುವ ರೇಡಿಯೋ. ಅದರ ಹೆಸರು ಬ್ಲೂಟೂತ್.

ನಮ್ಮ ಕಡೆ ಕಿವಿಗೆ ಸಿಕ್ಕಿಸಿಕೊಳ್ಳುವ ತುಂಡಿಗೇ ಬ್ಲೂಟೂತ್ ಎಂದು ಹೆಸರು ಬಿದ್ದಿದೆ. "ಬ್ಲೂಟೂತ್ ಹಾಕ್ಕೊಂಡು ಗಾಡಿ ಓಡಿಸ್ತಾನೆ ನೋಡಿ" ಅನ್ನುತ್ತೇವೆ. ನಿಜವಾಗಿ ಅದು ವಸ್ತುವಿನ ಹೆಸರಲ್ಲ, ಎರಡು ಯಂತ್ರಗಳು ತಂತಿ ಇಲ್ಲದೆ ಹತ್ತಿರದಲ್ಲೇ ಮಾತಾಡಿಕೊಳ್ಳುವ ಪದ್ಧತಿಯ ಹೆಸರು. ಸ್ವೀಡನ್ನಿನ ಎರಿಕ್ಸನ್ ಕಂಪನಿಯವರು 1994ರಲ್ಲಿ ಈ ಕೆಲಸ ಶುರು ಮಾಡಿದರು. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಎಂಬ ಐದು ಕಂಪನಿಗಳು ಸೇರಿ ಎಲ್ಲರ ಯಂತ್ರಗಳೂ ಒಂದೇ ಪದ್ಧತಿಯಲ್ಲಿ ಮಾತಾಡಲಿ ಎಂದು ಒಪ್ಪಂದ ಮಾಡಿಕೊಂಡವು. ಸಾವಿರ ವರ್ಷದ ಹಿಂದೆ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ರಾಜನಿದ್ದ. ಅವನ ಅಡ್ಡಹೆಸರು 'ನೀಲಿ ಹಲ್ಲು'. ಬೇರೆ ಬೇರೆಯಾಗಿದ್ದ ಪಂಗಡಗಳನ್ನು ಒಂದುಗೂಡಿಸಿದವನು. ಬೇರೆ ಬೇರೆ ಕಂಪನಿಯ ಯಂತ್ರಗಳನ್ನು ಒಂದುಗೂಡಿಸುವ ಪದ್ಧತಿಗೂ ಅವನ ಹೆಸರನ್ನೇ ಇಟ್ಟರು. ನಿಮ್ಮ ಮೊಬೈಲಿನಲ್ಲಿ ಕಾಣುವ ಆ ಮೂಲೆ ಮೂಲೆಯ ಗುರುತು ಅವನ ಹೆಸರಿನ ಎರಡು ಹಳೆಯ ಅಕ್ಷರಗಳನ್ನು ಕೂಡಿಸಿ ಬರೆದದ್ದು.

ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಒಂದು ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಆ ರೇಡಿಯೋ ಕೇಳುವುದನ್ನು ಬಿಟ್ಟು ಮಾತಾಡುತ್ತಲೂ ಇರಲಿಲ್ಲ! ಈಗ ನಮ್ಮ ಜೇಬಿನ ರೇಡಿಯೋ ಕೇಳುತ್ತದೆ, ಮಾತೂ ಆಡುತ್ತದೆ, ಆದರೂ ಅದಕ್ಕೆ ಲೈಸೆನ್ಸ್ ಇಲ್ಲ. ಇದಕ್ಕೆ ಕಾರಣವಿದೆ. 2005ರ ಜನವರಿಯಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಎಂಬ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. ಅದು ಊರಿನ ಗೋಮಾಳ ಇದ್ದ ಹಾಗೆ. ಯಾರ ದನ ಬೇಕಾದರೂ ಮೇಯಬಹುದು, ಆದರೆ ಇಂತಿಷ್ಟೇ ಎಂಬ ಮಿತಿ ಇದೆ. ಬ್ಲೂಟೂತ್ ಮೇಯುವುದೂ, ವೈಫೈ ಮೇಯುವುದೂ ಇದೇ ಗೋಮಾಳದಲ್ಲಿ. ಅದಕ್ಕೇ ಇವಕ್ಕೆ ರೀಚಾರ್ಜ್ ಬೇಡ, ಟವರ್ ಬೇಡ, ಸಿಗ್ನಲ್ ಕಡ್ಡಿ ಬೇಡ.

ಹತ್ತು ಮೀಟರ್ ಅಂದರೆ ಯಾವ ಮಹಾ ದೂರ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ತದ್ವಿರುದ್ಧವಾದ ಒಂದು ಜಾಗವಿದೆ. ಗೌರಿಬಿದನೂರಿನ ಹತ್ತಿರ 1976ರಿಂದ ಒಂದು ರೇಡಿಯೋ ದೂರದರ್ಶಕ ಕೆಲಸ ಮಾಡಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ್ದು. ದೂರದರ್ಶಕ ಅಂದಕೂಡಲೇ ಕೊಳವೆ, ಗಾಜು ನೆನೆಯಬೇಡಿ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಿದ ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್. ಅದು ಕಿವಿಗೊಟ್ಟದ್ದು 34.5 ಮೆಗಾಹರ್ಟ್ಸ್ ತರಂಗಕ್ಕೆ. 1997ರಿಂದ ಅಲ್ಲಿ ಸೂರ್ಯನನ್ನೇ ನೋಡುವ ಇನ್ನೊಂದು ರೇಡಿಯೋ ಉಪಕರಣವೂ ಇದೆ. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅಲ್ಲಿಂದ ಬರುವ ಪಿಸುಮಾತು ಕೇಳಲು ಅಷ್ಟು ದೊಡ್ಡ ಕಿವಿ ಬೇಕು.

ಅದೂ ರೇಡಿಯೋ ತರಂಗವೇ, ನಿಮ್ಮ ಜೇಬಿನದೂ ರೇಡಿಯೋ ತರಂಗವೇ. ಗೌರಿಬಿದನೂರಿನ ಆ ತರಂಗದ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಬ್ಲೂಟೂತಿನದು ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ತರಂಗ ಚಿಕ್ಕದಾದ್ದರಿಂದ ಆಂಟೆನಾವೂ ಚಿಕ್ಕದು, ಕಿವಿಯೊಳಗಿನ ತುಂಡಿನಲ್ಲೂ ಅದು ಹಿಡಿಸುತ್ತದೆ. ಚಿಕ್ಕ ತರಂಗಗಳ ಈ ಗುಣವನ್ನು ನಮ್ಮ ದೇಶದವರೇ ಆದ ಜಗದೀಶ್ ಚಂದ್ರ ಬೋಸ್ 1895ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ತೋರಿಸಿದ್ದರು. ಗೋಡೆಯ ಈಚೆಯಿಂದ ತರಂಗ ಕಳಿಸಿ ಆಚೆ ಗಂಟೆ ಬಾರಿಸಿದ್ದರು.

ದೂರ ಕಡಿಮೆ ಇರುವುದು ಇಲ್ಲಿ ಕೊರತೆಯಲ್ಲ, ಅದೇ ಇದರ ಗುಣ. ಮೊದಲನೆಯದಾಗಿ, ಕಡಿಮೆ ದೂರಕ್ಕೆ ಕಡಿಮೆ ಶಕ್ತಿ ಸಾಕು. ನಮ್ಮ ಹಳೆಯ ಕೀಪ್ಯಾಡ್ ಮೊಬೈಲು ದೂರದ ಟವರಿಗೆ ಕೂಗುವಾಗ ಎರಡು ವಾಟ್‌ವರೆಗೆ ಶಕ್ತಿ ಬಳಸುತ್ತಿತ್ತು. ಸಾಮಾನ್ಯ ಬ್ಲೂಟೂತ್ ಉಪಕರಣದ ಶಕ್ತಿ ಹೆಚ್ಚೆಂದರೆ ಎರಡೂವರೆ ಮಿಲಿವಾಟ್, ಅಂದರೆ ಅದರ ಎಂಟುನೂರರಲ್ಲಿ ಒಂದು ಪಾಲು. ಅದಕ್ಕೇ ಅಷ್ಟು ಪುಟ್ಟ ಬ್ಯಾಟರಿಯಲ್ಲೂ ಇಡೀ ಬಸ್ ಪ್ರಯಾಣಕ್ಕೆ ಹಾಡು ಕೇಳಬಹುದು. ಎರಡನೆಯದಾಗಿ, ಹತ್ತು ಮೀಟರ್ ಆಚೆ ಇರುವವರಿಗೆ ತೊಂದರೆ ಇಲ್ಲ. ಇಲ್ಲಿ ನೂರು ಜನ ನೂರು ಹಾಡು ಕೇಳಿದರೂ ಪಕ್ಕದ ಬೀದಿಗೆ ಅದು ತಲುಪುವುದಿಲ್ಲ.

ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟುಕೊಂಡಾಗ ಕಿವಿಯಲ್ಲಿ ಹಾಡು ತುಂಡು ತುಂಡಾಗುತ್ತದೆ ಎಂದು ಹುಡುಗರು ದೂರುತ್ತಾರೆ. ಅದು ಉಪಕರಣದ ದೋಷವಲ್ಲ. ಈ ತರಂಗವನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ಮಧ್ಯೆ ನೀವೇ ಗೋಡೆಯಾಗಿ ನಿಂತಿರುತ್ತೀರಿ. ಫೋನನ್ನು ಅಂಗಿಯ ಜೇಬಿಗೆ ಬದಲಾಯಿಸಿ ನೋಡಿ.

ಈಗ ಎರಡು ಯಂತ್ರಗಳು ಹೇಗೆ ಪರಿಚಯ ಮಾಡಿಕೊಳ್ಳುತ್ತವೆ ನೋಡೋಣ. ದನದ ಜಾತ್ರೆಯಲ್ಲಿ ವ್ಯಾಪಾರ ಮಾಡಿದ ಹಿರಿಯರು ಇಲ್ಲಿದ್ದೀರಿ. ಜೋಡಿ ಎತ್ತಿಗೆ ಬೆಲೆ ಕಟ್ಟುವಾಗ ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿಕೊಂಡು, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತೀರಿ. ಸುತ್ತ ಐವತ್ತು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಇಬ್ಬರಿಗೇ. ಬ್ಲೂಟೂತ್ ಮಾಡುವುದೂ ಇದನ್ನೇ. ಮೊದಲು ಕೈ ಹಿಡಿಯಬೇಕು. ಅದಕ್ಕೆ ಪೇರಿಂಗ್, ಅಂದರೆ ಜೋಡಿ ಮಾಡುವುದು ಎನ್ನುತ್ತಾರೆ. ಎರಡೂ ಪರದೆಯ ಮೇಲೆ ಆರು ಅಂಕಿಯ ಒಂದೇ ಸಂಖ್ಯೆ ಬಂದರೆ ನೀವು ಹಿಡಿದಿರುವುದು ಸರಿಯಾದ ಕೈಯನ್ನೇ ಎಂದು ಅರ್ಥ. ಆಮೇಲೆ ಟವೆಲ್ ಹಾಕಿಕೊಳ್ಳುತ್ತವೆ, ಅಂದರೆ ಮಾತನ್ನು ಬೇರೆಯವರಿಗೆ ತಿಳಿಯದ ಗುಪ್ತಲಿಪಿಗೆ ಬದಲಾಯಿಸಿಕೊಳ್ಳುತ್ತವೆ. ಅಷ್ಟೇ ಅಲ್ಲ, ಒಂದೇ ಜಾಗದಲ್ಲಿ ನಿಂತು ಮಾತಾಡುವುದೂ ಇಲ್ಲ. ಆ ಗೋಮಾಳವನ್ನು 79 ಪಟ್ಟೆಗಳಾಗಿ ಮಾಡಿಕೊಂಡು, ಸೆಕೆಂಡಿಗೆ 1,600 ಸಲ ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಜೊತೆಜೊತೆಯಾಗಿ ಹಾರುತ್ತವೆ. ವೈಫೈ ಗದ್ದಲ ಒಂದು ಪಟ್ಟೆಯಲ್ಲಿ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತವೆ.

ಕೈ ಹಿಡಿದರೆ ಸಾಲದು, ಭಾಷೆಯೂ ಗೊತ್ತಿರಬೇಕು. ಇದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ತೆಲುಗು ಮಾತಾಡುತ್ತೇವೆ, ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ರೀಲರುಗಳ ಹತ್ತಿರ ಉರ್ದು. ಎದುರಿಗಿರುವವರನ್ನು ನೋಡಿ ಭಾಷೆ ಬದಲಾಯಿಸುತ್ತೇವೆ. ಮೊಬೈಲೂ ಹಾಗೆಯೇ. ಸ್ಪೀಕರ್ ಸಿಕ್ಕರೆ ಹಾಡಿನ ಭಾಷೆ, ಕೀಬೋರ್ಡ್ ಸಿಕ್ಕರೆ ಅಕ್ಷರದ ಭಾಷೆ, ಇನ್ನೊಂದು ಫೋನ್ ಸಿಕ್ಕರೆ ಫೈಲಿನ ಭಾಷೆ. ಎರಡಕ್ಕೂ ಗೊತ್ತಿರುವ ಭಾಷೆ ಇಲ್ಲದಿದ್ದರೆ ಜೋಡಿಯಾದರೂ ಕೆಲಸ ಆಗುವುದಿಲ್ಲ. ಐಫೋನಿನಿಂದ ಬೇರೆ ಕಂಪನಿಯ ಫೋನಿಗೆ ಬ್ಲೂಟೂತಿನಲ್ಲಿ ಫೋಟೋ ಹೋಗದಿರುವುದು ಇದೇ ಕಾರಣಕ್ಕೆ.

ಇದನ್ನೆಲ್ಲ ಎಲ್ಲಿ ನೋಡುತ್ತೇವೆ? ಮನೆಯ ಬಾಗಿಲಿಗೆ ಬಂದು ಕರೆಂಟ್ ಬಿಲ್ ಕೊಡುವವರ ಕೈಯಲ್ಲಿ ಮೊಬೈಲ್, ಸೊಂಟದಲ್ಲಿ ಪುಟ್ಟ ಪ್ರಿಂಟರ್ ಇದ್ದರೆ, ಎರಡರ ನಡುವೆ ತಂತಿ ಇಲ್ಲದಿದ್ದರೆ, ಅದು ಬ್ಲೂಟೂತ್. ಕಿವಿ ಕೇಳಿಸದ ಅಜ್ಜ ಅಜ್ಜಿಯರ ಹೊಸ ಶ್ರವಣ ಸಾಧನಗಳಿಗೆ ಫೋನಿನ ಕರೆ ನೇರವಾಗಿ ಕಿವಿಗೇ ಬರುವಂತೆ ಮಾಡುವುದೂ ಅದೇ.

ರೇಷ್ಮೆ ಬೆಳೆಗಾರರಿಗೆ ಒಂದು ಮಾತು. ಚಾಕಿ ಹುಳುವಿಗೆ 27–28 ಡಿಗ್ರಿ ಶಾಖ, ಶೇಕಡಾ 85ರಷ್ಟು ತೇವ ಬೇಕು. ನಾಲ್ಕನೇ ಜ್ವರ ಎದ್ದ ದೊಡ್ಡ ಹುಳುವಿಗೆ 24–25 ಡಿಗ್ರಿ, ಶೇಕಡಾ 70ರ ಆಸುಪಾಸು ತೇವ ಸಾಕು. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹುಳುಮನೆಯ ಗೋಡೆಗೆ ತೂಗುಹಾಕುವ, ಶಾಖ ಮತ್ತು ತೇವ ಎರಡನ್ನೂ ಅಳೆಯುವ ಬ್ಲೂಟೂತ್ ಮಾಪಕಗಳು ಈಗ ಸಿಗುತ್ತವೆ. 2010ರಲ್ಲಿ ಬಂದ ಕಡಿಮೆ ಶಕ್ತಿಯ ಬ್ಲೂಟೂತ್ ಇವುಗಳಲ್ಲಿ ಇರುತ್ತದೆ. ಗುಂಡಿಯಷ್ಟು ದೊಡ್ಡ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡುತ್ತವೆ. ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆದು ಒಳಗಿನ ಶಾಖ ಹೊರಗೆ ಬಿಡುವ ಬದಲು ಹೊರಗೆ ನಿಂತೇ ಫೋನಿನಲ್ಲಿ ನೋಡಬಹುದು. ಆದರೆ ಮಾಪಕ ಅಳೆದು ಹೇಳುತ್ತದೆ, ಅಷ್ಟೇ. ಕಿಟಕಿ ತೆರೆಯುವುದೋ, ಗೋಣಿ ನೆನೆಸಿ ಕಟ್ಟುವುದೋ, ನಿರ್ಧಾರ ನಿಮ್ಮದೇ.

ಹಾಗಂತ ತಂತಿ ಇಲ್ಲದ್ದೆಲ್ಲ ಬ್ಲೂಟೂತ್ ಅಲ್ಲ. ಅಂಗಡಿಯಲ್ಲಿ ದುಡ್ಡು ಬಂತು ಎಂದು ಕೂಗುವ ಡಬ್ಬಿಯೊಳಗೆ ಸಾಮಾನ್ಯವಾಗಿ ಒಂದು ಸಿಮ್ ಇರುತ್ತದೆ, ಅದು ಮೊಬೈಲಿನ ಹಾಗೆ ಟವರಿನಿಂದ ಸುದ್ದಿ ತರುತ್ತದೆ. ಬಾಗೇಪಲ್ಲಿ ಬಳಿಯ ಟೋಲಿನಲ್ಲಿ ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್‌ಗೆ ಬ್ಯಾಟರಿಯೇ ಇಲ್ಲ. ಮೇಲಿನ ಯಂತ್ರ ಕಳಿಸುವ ತರಂಗದಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತಾಗಿಸಿ ದುಡ್ಡು ಕೊಡುವ ಪದ್ಧತಿ ಕೆಲಸ ಮಾಡುವುದು ಸುಮಾರು ನಾಲ್ಕು ಸೆಂಟಿಮೀಟರ್ ಅಂತರದಲ್ಲಿ. ಅಲ್ಲಿ ದುಡ್ಡಿನ ವಿಷಯ, ಅದಕ್ಕೇ ದೂರ ಇನ್ನೂ ಕಡಿಮೆ. ಯಾವ ಕೆಲಸಕ್ಕೆ ಎಷ್ಟು ದೂರ ಬೇಕೋ ಅಷ್ಟೇ ದೂರ.

ಇನ್ನು ನಮ್ಮ ಶಾಲೆಗೆ ಬೇಕಾದ ವಿಷಯ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಏನಾಯಿತು ನಿಮಗೆಲ್ಲ ನೆನಪಿದೆ. ಪಾಠ ಮೊಬೈಲಿಗೆ ಹೋಯಿತು. ಎಷ್ಟೋ ಮನೆಗಳಲ್ಲಿ ಇದ್ದದ್ದು ಅಪ್ಪನ ಒಂದೇ ಫೋನ್. ಇದ್ದ ಫೋನಿಗೂ ಡೇಟಾ ಸಾಲದು. ಆಗ ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿಕೊಂಡು ಮೂರು ನಾಲ್ಕು ಮಕ್ಕಳು ಒಂದೇ ಜಗುಲಿಯಲ್ಲಿ ಕೂತು ಪಾಠ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಟ್‌ಸ್ಪಾಟ್ ಅಂದರೆ ನಿಮ್ಮ ಫೋನು ತಾನೇ ಒಂದು ಸಣ್ಣ ವೈಫೈ ಆಗಿ ತನ್ನ ಡೇಟಾವನ್ನು ಪಕ್ಕದವರಿಗೆ ಹಂಚುವುದು. ಅದಕ್ಕೊಂದು ಪಾಸ್‌ವರ್ಡ್ ಇರಲಿ, ಕೆಲಸ ಮುಗಿದ ಮೇಲೆ ಆರಿಸಿ. ಇಲ್ಲದಿದ್ದರೆ ಸಂಜೆಯೊಳಗೆ ಡೇಟಾ ಖಾಲಿ.

ಆದರೆ ಒಂದು ಪಾಠ ಒಂದು ಫೋನಿಗೆ ಬಂದ ಮೇಲೆ ಅದನ್ನು ಪಕ್ಕದ ಮಗುವಿಗೆ ಕೊಡಲು ಡೇಟಾ ಯಾಕೆ ಬೇಕು? ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ನೋಟ್ಸ್ ಕಳಿಸಲು ಎಲ್ಲೋ ದೂರದ ಕಂಪ್ಯೂಟರಿಗೆ ಕಳಿಸಿ ವಾಪಸ್ ತರಿಸಿಕೊಳ್ಳುವುದು, ಪಕ್ಕದ ಮನೆಗೆ ಬೆಂಗಳೂರಿನ ಮೇಲೆ ಹೋದ ಹಾಗೆ. ಬ್ಲೂಟೂತಿನಲ್ಲಿ ಒಂದು ಪೈಸೆ ಖರ್ಚಿಲ್ಲ. ಒಂದು ಫೋಟೋ ಅಥವಾ ನಾಲ್ಕು ಪುಟದ ನೋಟ್ಸ್ ಅರ್ಧ ನಿಮಿಷದಲ್ಲಿ ಹೋಗುತ್ತದೆ. ದೊಡ್ಡ ವಿಡಿಯೋಗೆ ಮಾತ್ರ ಅದು ನಿಧಾನ. 500 ಎಂಬಿ ವಿಡಿಯೋ ಕಳಿಸಿದರೆ ಅರ್ಧ ಗಂಟೆಗೂ ಹೆಚ್ಚು ಕಾಯಬೇಕು. ಅದಕ್ಕೆ ಆಂಡ್ರಾಯ್ಡ್ ಫೋನುಗಳಲ್ಲಿ ಕ್ವಿಕ್ ಶೇರ್, ಐಫೋನುಗಳಲ್ಲಿ ಏರ್‌ಡ್ರಾಪ್ ಇವೆ. ಇವು ಪಕ್ಕದಲ್ಲಿ ಯಾರಿದ್ದಾರೆ ಎಂದು ಬ್ಲೂಟೂತಿನಲ್ಲಿ ಹುಡುಕಿ, ಸಾಮಾನು ಸಾಗಿಸುವ ಕೆಲಸವನ್ನು ವೇಗದ ವೈಫೈಗೆ ಒಪ್ಪಿಸುತ್ತವೆ. ಅಲ್ಲೂ ಡೇಟಾ ಖರ್ಚಿಲ್ಲ. ಅದೇ ವಿಡಿಯೋ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ. ಮೊದಲು ಎಲ್ಲರೂ ಬಳಸುತ್ತಿದ್ದ ಶೇರ್‌ಇಟ್ ಆ್ಯಪನ್ನು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಈಗ ಅದರ ಹೆಸರಿನಲ್ಲಿ ಯಾವುದೋ ಲಿಂಕ್ ಬಂದರೆ ಒತ್ತಬೇಡಿ. ಫೋನಿನಲ್ಲೇ ಇರುವುದು ಸಾಕು.

ಲ್ಯಾಪ್‌ಟಾಪಿಗೆ ಫೋಟೋ ಹೋಗುತ್ತಿಲ್ಲ ಎಂದು ಶಿಕ್ಷಕರೊಬ್ಬರು ಬೆಳಿಗ್ಗೆ ಕೇಳಿದರು. ವಿಂಡೋಸ್ ಲ್ಯಾಪ್‌ಟಾಪ್ ತಾನಾಗಿ ಬಾಗಿಲು ತೆರೆಯುವುದಿಲ್ಲ. ಬ್ಲೂಟೂತ್ ಗುರುತನ್ನು ಒತ್ತಿ, ಫೈಲ್ ಪಡೆಯುವ ಆಯ್ಕೆಯನ್ನು ಮೊದಲು ತೆರೆದು ಕಾಯಬೇಕು, ಆಮೇಲೆ ಫೋನಿನಿಂದ ಕಳಿಸಬೇಕು. ಇನ್ನೊಂದು ವಿಷಯ. ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ದೊಡ್ಡದು ಮಾಡಿದರೆ ಮುಖ ಮಸುಕು. ಬ್ಲೂಟೂತ್ ಅಥವಾ ಕ್ವಿಕ್ ಶೇರ್‌ನಲ್ಲಿ ಮೂಲ ಫೋಟೋ ಇದ್ದ ಹಾಗೆಯೇ ಬರುತ್ತದೆ. ಈ ಸಂಪುಟಕ್ಕೆ ಹಳೆಯ ಗುಂಪು ಫೋಟೋಗಳನ್ನು ಕೊಡುವವರು ಇದನ್ನು ನೆನಪಿಡಿ. ಹಿಂದಿನ ಸಾಲಿನಲ್ಲಿ ನಿಂತವರ ಮುಖವೂ ಕಾಣಬೇಕು.

ಇಷ್ಟು ಅನುಕೂಲ ಹೇಳಿದ ಮೇಲೆ ಎಚ್ಚರವನ್ನೂ ಹೇಳಬೇಕು. ಈ ಇಡೀ ವ್ಯವಹಾರ ನಿಂತಿರುವುದು ಒಂದು ಗುಂಡಿಯ ಮೇಲೆ. ಪರದೆಯ ಮೇಲೆ 'ಒಪ್ಪುತ್ತೀರಾ?' ಎಂಬ ಪ್ರಶ್ನೆ ಬರುತ್ತದೆ. ನಾವು ಓದದೆಯೇ ಹೌದು ಎಂದು ಒತ್ತುತ್ತೇವೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಹೋಗಿ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು ಜೀವನಪೂರ್ತಿ ಹೇಳಿದ್ದು ಪ್ರಶ್ನೆ ಮಾಡದೆ ಏನನ್ನೂ ಒಪ್ಪಿಕೊಳ್ಳಬಾರದು ಎಂಬ ಮಾತನ್ನೇ. ಅವರು ಹೇಳಿದ್ದು ಪವಾಡಗಳ ಬಗ್ಗೆ, ಮೂಢನಂಬಿಕೆಗಳ ಬಗ್ಗೆ. ಇವತ್ತು ಅದು ಮೊಬೈಲಿನ ಆ ಗುಂಡಿಗೂ ಅನ್ವಯಿಸುತ್ತದೆ.

ಹಾಗಾಗಿ ನಾಲ್ಕು ಮಾತು. ಒಂದು, ಬಸ್ ಸ್ಟ್ಯಾಂಡಿನಲ್ಲೋ ಜಾತ್ರೆಯಲ್ಲೋ ಗೊತ್ತಿಲ್ಲದ ಹೆಸರಿನಿಂದ ಫೈಲ್ ಬಂದರೆ ಬೇಡ ಎನ್ನಿ. ನಿಮ್ಮ ಫೋನಿಗೂ ಪೂರ್ತಿ ಹೆಸರು, ಊರು ಇಡಬೇಡಿ, ಅದು ಹತ್ತಿರದವರಿಗೆಲ್ಲ ಕಾಣಬಹುದು. ಎರಡು, ಫೋನನ್ನು ಮಾರುವ ಮೊದಲು ಪೂರ್ತಿ ಅಳಿಸಿ. ಬಾಡಿಗೆ ಕಾರಿಗೆ ಫೋನ್ ಜೋಡಿಸಿದ್ದರೆ ಇಳಿಯುವಾಗ ಕಾರಿನ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಿರಿ. ನಿಮ್ಮ ಸಂಪರ್ಕ ಸಂಖ್ಯೆಗಳು ಅಲ್ಲೇ ಉಳಿದಿರಬಹುದು. ಮೂರು, ಫೋನಿನ ಅಪ್‌ಡೇಟ್ ಬಂದಾಗ ಮುಂದೂಡಬೇಡಿ, ಕಂಡುಬಂದ ಕಿಂಡಿಗಳನ್ನು ಅದು ಮುಚ್ಚುತ್ತದೆ. ನಾಲ್ಕು, ಹೆಣ್ಣುಮಕ್ಕಳು ಮತ್ತು ಅವರ ತಂದೆತಾಯಿ ಇದನ್ನು ಕೇಳಿಸಿಕೊಳ್ಳಿ. ಕಳೆದ ವಸ್ತು ಹುಡುಕಲೆಂದು ನಾಣ್ಯದಷ್ಟು ಚಿಕ್ಕ ಬ್ಲೂಟೂತ್ ಟ್ರ್ಯಾಕರುಗಳು ಬಂದಿವೆ. ಯಾರೋ ಅದನ್ನು ಇನ್ನೊಬ್ಬರ ಬ್ಯಾಗಿನಲ್ಲಿ ಹಾಕಿ ಹಿಂಬಾಲಿಸಬಹುದು. ಗೊತ್ತಿಲ್ಲದ ಟ್ರ್ಯಾಕರ್ ನಿಮ್ಮ ಜೊತೆ ಬರುತ್ತಿದೆ ಎಂದು ಫೋನ್ ಎಚ್ಚರಿಸಿದರೆ ತಳ್ಳಿಹಾಕಬೇಡಿ. ಮನೆಯವರಿಗೆ ಹೇಳಿ, 112ಕ್ಕೆ ಕರೆ ಮಾಡಿ.

ಈಗ ಮಕ್ಕಳಿಗೆ. ನಾನು ಇವತ್ತು ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಇದು. ನಮ್ಮ ರಾಜ್ಯದಲ್ಲಿ ಬ್ಲೂಟೂತ್ ಎಂಬ ಪದಕ್ಕೆ ಕೆಲವು ವರ್ಷಗಳಿಂದ ಕೆಟ್ಟ ಅರ್ಥ ಅಂಟಿಕೊಂಡಿದೆ. 2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದವರು ಐವತ್ತು ಸಾವಿರಕ್ಕೂ ಹೆಚ್ಚು. ಉತ್ತರ ಪತ್ರಿಕೆ ತಿದ್ದಿದ, ಬ್ಲೂಟೂತ್ ಮೂಲಕ ಉತ್ತರ ಹೇಳಿಸಿಕೊಂಡ ಆರೋಪಗಳ ಬಗ್ಗೆ ಸಿಐಡಿ ತನಿಖೆ ನಡೆಯಿತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದುಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವೆ 2023ರ ಅಕ್ಟೋಬರಿನಲ್ಲಿ ನಿಗಮ ಮಂಡಳಿಗಳ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ಮತ್ತೆ ಬ್ಲೂಟೂತ್ ಹಿಡಿದು ಸಿಕ್ಕಿಬಿದ್ದರು.

ಲೆಕ್ಕ ಹಾಕಿ. ಮೊದಲ ಪರೀಕ್ಷೆಗೂ ಮರುಪರೀಕ್ಷೆಗೂ ನಡುವೆ ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು. ಕೂಲಿ ಮಾಡುವ ಅಪ್ಪನ ಮಗ, ಹಾಲು ಮಾರಿ ಓದಿಸಿದ ಅಮ್ಮನ ಮಗಳು, ರಾತ್ರಿ ಎಲ್ಲ ಓದಿ ಪ್ರಾಮಾಣಿಕವಾಗಿ ಬರೆದವರು, ಅವರೂ ಕಾಯಬೇಕಾಯಿತು. ಕೆಲವರಿಗೆ ವಯಸ್ಸಿನ ಮಿತಿಯ ಚಿಂತೆ, ಕೆಲವರಿಗೆ ಮನೆಯಲ್ಲಿ ಮದುವೆಯ ಒತ್ತಾಯ, ಎಲ್ಲರಿಗೂ ಮತ್ತೆ ಮೊದಲಿನಿಂದ ಓದು. ಕೈಯಲ್ಲಿ ದುಡ್ಡಿದ್ದವರು ಬ್ಲೂಟೂತ್ ಕೊಂಡರು, ದುಡ್ಡಿಲ್ಲದವರು ವರ್ಷಗಳನ್ನು ಕಳೆದುಕೊಂಡರು. ಸರ್ಕಾರಿ ಶಾಲೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಇರುವ ಒಂದೇ ನೇರ ದಾರಿ ಪರೀಕ್ಷೆ. ಆ ದಾರಿಯನ್ನು ಅಗೆದರೆ ಬೀಳುವವರು ನಾವೇ. ಅದಕ್ಕೇ ಹೇಳುತ್ತೇನೆ, ಈ ಮೋಸ ಕಲಬುರಗಿಯ ಸುದ್ದಿಯಲ್ಲ, ನಮ್ಮ ಮನೆಯ ಸುದ್ದಿ.

ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು ಜಾತ್ರೆಯ ವ್ಯಾಪಾರಕ್ಕೆ ಸರಿ, ಅಲ್ಲಿ ಇಬ್ಬರೂ ತಮ್ಮ ತಮ್ಮ ವಸ್ತುವನ್ನೇ ಕೊಟ್ಟು ಕೊಳ್ಳುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಕದ್ದು ಕೊಳ್ಳುವುದು ಪಕ್ಕದ ಬೆಂಚಿನವರ ಕೆಲಸವನ್ನು. 2023ರಲ್ಲಿ ನೇಮಕಾತಿ ಪರೀಕ್ಷೆಯ ಅಕ್ರಮ ತಡೆಯಲೆಂದೇ ರಾಜ್ಯದಲ್ಲಿ ಹೊಸ ಕಾಯ್ದೆ ಬಂದಿದೆ, ಜೈಲೂ ಇದೆ, ಭಾರಿ ದಂಡವೂ ಇದೆ. ಆದರೆ ನಾನು ನಿಮಗೆ ಜೈಲಿನ ಹೆದರಿಕೆ ಹಾಕುತ್ತಿಲ್ಲ. ಕಿವಿಯಲ್ಲಿ ಯಾರೋ ಹೇಳಿದ ಉತ್ತರದಿಂದ ಪೊಲೀಸ್ ಆದವನು ನಾಳೆ ಯಾವ ಕಳ್ಳನನ್ನು ಯಾವ ಮುಖದಿಂದ ಹಿಡಿಯುತ್ತಾನೆ ಎಂದು ಯೋಚಿಸಿ. ಇದೇ ಬ್ಲೂಟೂತಿನಲ್ಲಿ ನಿಮ್ಮ ನೋಟ್ಸನ್ನು ಪರೀಕ್ಷೆಗೆ ಮೊದಲು ಇಡೀ ತರಗತಿಗೆ ಹಂಚಿ. ಪರೀಕ್ಷೆಯ ದಿನ ಅದನ್ನು ಮನೆಯಲ್ಲಿ ಬಿಟ್ಟು ಬನ್ನಿ. ವಸ್ತು ಒಂದೇ. ಅದರಿಂದ ಕೊಡುವುದೋ ಕದಿಯುವುದೋ ನಿಮ್ಮ ಕೈಯಲ್ಲಿದೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ನಾವು ಕಟ್ಟಡಕ್ಕೆ, ರಂಗಮಂದಿರಕ್ಕೆ ದುಡ್ಡು ಕೊಡುತ್ತಿದ್ದೇವೆ, ಸಂತೋಷ. ಅದರ ಜೊತೆ ಶಾಲೆಯ ಗ್ರಂಥಾಲಯಕ್ಕೆ ಒಂದು ಲ್ಯಾಪ್‌ಟಾಪ್ ಕೊಡೋಣ. ಅದರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು, ಶಿಕ್ಷಕರ ನೋಟ್ಸ್, ವಿಜ್ಞಾನದ ಪ್ರಯೋಗಗಳ ವಿಡಿಯೋ, ಐವತ್ತು ವರ್ಷದ ಫೋಟೋಗಳು ಇರಲಿ. ಮನೆಯ ಫೋನಿನಲ್ಲಿ ಡೇಟಾ ಇಲ್ಲದ ಮಗುವಿನ ಅಪ್ಪನೋ ಅಣ್ಣನೋ ಶನಿವಾರ ಬಂದು ಒಂದು ರೂಪಾಯಿ ಖರ್ಚಿಲ್ಲದೆ ಬೇಕಾದ ಪಾಠವನ್ನು ಫೋನಿಗೆ ತುಂಬಿಸಿಕೊಂಡು ಹೋಗಲಿ. ಬಾವಿಯಿಂದ ನೀರು ಸೇದಿದ ಹಾಗೆ. ಲ್ಯಾಪ್‌ಟಾಪಿನ ಅರ್ಧ ಖರ್ಚು ನನ್ನದು. ಉಳಿದರ್ಧಕ್ಕೆ 1981ರ ಬ್ಯಾಚಿನ ನನ್ನ ಗೆಳೆಯರ ಕಡೆ ನೋಡುತ್ತಿದ್ದೇನೆ. ಅವರೆಲ್ಲ ಹತ್ತು ಮೀಟರಿನ ಒಳಗೇ ಕೂತಿದ್ದಾರೆ, ಕೇಳಿಸಲಿಲ್ಲ ಅನ್ನುವ ಹಾಗಿಲ್ಲ.